ಹಸಿರು ಬಿದ್ದ ಸಾಲುಗಳು

ಮೊಮ್ಮಕ್ಕಳೇ, "ಆಯಿ, ನೀ ಜಹೀರಾಬಾದಿಗಿ ಹೋಗಿ ಕಂಪ್ಯೂಟರ್ ಮುಂದ ಕುಂತು ಏನ್ ಮಾಡ್ತಿ?" ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. ಬಾಯಿಂದ ಹೇಳಲು ಹೋದರೆ ನನಗೆ ನಡುವೆಯೇ ಮಾತು ತಪ್ಪಿ ಹೋಗುತ್ತದೆ. ಅದಕ್ಕೆ ಬರೆದಿಡುತ್ತಿದ್ದೇನೆ. ಎಲ್ಲವನ್ನೂ ಅಲ್ಲ, ಆ ಚಳಿಗಾಲದ ಒಂದೂವರೆ ತಿಂಗಳನ್ನು ಮಾತ್ರ. ನಿಮ್ಮ ಅಜ್ಜ ತೀರಿಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಕುಳಿತರೆ ಏಳಬೇಕು ಅನ್ನಿಸುತ್ತಿತ್ತು, ಎದ್ದರೆ ಕೂರಬೇಕು ಅನ್ನಿಸುತ್ತಿತ್ತು. ಹತ್ತನೆಯ ತರಗತಿ ಪಾಸಾದ ಹೆಂಗಸರು ಬೇಕಾಗಿದ್ದಾರೆ ಎಂದು ಪಸ್ತಾಪುರದ ಗೆಳತಿ ಹೇಳಿದಾಗ, ಏನು ಕೆಲಸ ಎಂದು ಕೇಳದೆ ಹೊರಟುಬಿಟ್ಟೆ.

ಕೋಣೆ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲಿತ್ತು. ಒಂದು ಉದ್ದ ಟೇಬಲ್, ಐದು ಕಂಪ್ಯೂಟರ್, ಐವರು ಹೆಂಗಸರು. ಕೆಳಗಿನಿಂದ ಯೂರಿಯಾ ವಾಸನೆ. ಕೆಲಸ ಇಷ್ಟು: ಪರದೆಯ ಮೇಲೆ ಒಂದು ಇಂಗ್ಲಿಷ್ ವಾಕ್ಯ ಬರುತ್ತದೆ. ಅದರಲ್ಲಿ ಕ್ರಿಯಾವಿಶೇಷಣ ಎಲ್ಲಿದೆಯೋ ಅಲ್ಲಿ ಹಳದಿ ಬಳಿಯಬೇಕು. ಇನ್, ಆನ್, ಅಂಡರ್ ಥರದ ಪ್ರಿಪೊಸಿಷನ್ನಿನಿಂದ ಶುರುವಾಗಿ ತನ್ನ ನಾಮಪದದವರೆಗೆ ಹೋಗುವ ಗುಂಪಿಗೆ ನೀಲಿ. 'ಶಿ ಸ್ಯಾಟ್ ಕ್ವಾಯೆಟ್ಲಿ ಅಂಡರ್ ದ ನೀಮ್ ಟ್ರೀ' ಎಂದು ಬಂದರೆ ಕ್ವಾಯೆಟ್ಲಿ ಹಳದಿ; ಅಂಡರ್ ದ ನೀಮ್ ಟ್ರೀ ನೀಲಿ. ನಾವು 'ಬೇವಿನ ಮರದ ಕೆಳಗೆ' ಅನ್ನುತ್ತೇವೆ, ಮರ ಮೊದಲು, ಕೆಳಗೆ ಆಮೇಲೆ. ಇಂಗ್ಲಿಷಿನಲ್ಲಿ 'ಕೆಳಗೆ' ಮುಂದೆ ನಡೆಯುತ್ತದೆ, ಮರ ಅದರ ಬೆನ್ನ ಹಿಂದೆ ಬರುತ್ತದೆ. ಇದು ತಲೆಗೆ ಹೋಗಲು ನನಗೆ ನಾಲ್ಕು ದಿನ ಬೇಕಾಯಿತು. ನೀಲಿಯ ಹೊಟ್ಟೆಯೊಳಗೂ ಹಳದಿ ಇರಬಹುದು: 'ಇನ್ ಎ ವೆರಿ ಓಲ್ಡ್ ಬಾಕ್ಸ್' ಅಂದರೆ ಇಡೀ ಗುಂಪು ನೀಲಿ, ಒಳಗಿನ ವೆರಿ ಹಳದಿ. ಮೊದಲು ನೀಲಿ ಹೊದಿಸಿ ಆಮೇಲೆ ಒಳಗೆ ಹಳದಿ ಹುಡುಕಬೇಕು. ಯಂತ್ರಕ್ಕೆ ಇಂಗ್ಲಿಷ್ ಕಲಿಸಲು ಇದೆಲ್ಲ ಬೇಕು ಎಂದು ನಮ್ಮ ಉಸ್ತುವಾರಿ ಮೇಡಂ ಹೇಳಿದ್ದರು. ಯಂತ್ರಕ್ಕಿಂತ ಮೊದಲು ನಾನು ಕಲಿಯಬೇಕಾಗಿತ್ತು.

ಒಂದೇ ವಾಕ್ಯ ಇಬ್ಬರ ಮುಂದೆ ಬರುತ್ತಿತ್ತು. ಇಬ್ಬರೂ ಒಂದೇ ರೀತಿ ಬಣ್ಣ ಹಾಕಿದರೆ ಮೇಡಮ್ಮಿನ ಪರದೆಯಲ್ಲಿ ಆ ಸಾಲು ಹಸಿರಾಗುತ್ತಿತ್ತು. ಬೇರೆ ಬೇರೆ ಹಾಕಿದರೆ ಕೆಂಪು. ಹಸಿರು ಸಾಲನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ, ನೇರ ತಾಂಡೂರಿನ ದೊಡ್ಡ ಆಫೀಸಿಗೆ ಹೋಗುತ್ತದೆ. ಕೆಂಪು ಸಾಲನ್ನು ಕೋಣೆಯಲ್ಲಿ ಹಿರಿಯರಾದವರು ನೋಡಿ, ಯಾರದು ಸರಿ ಎಂದು ಒತ್ತಬೇಕು. ಹಿರಿಯಳು ನಾನು. ಐವತ್ತೆಂಟು ನನಗೆ, ಉಳಿದವರೆಲ್ಲ ಮೂವತ್ತರ ಒಳಗೆ. ಎಲ್ಲರೂ ನನ್ನನ್ನು ಕಾಕಿ ಎನ್ನುತ್ತಿದ್ದರು.

ನಮ್ಮ ಊರಿನಲ್ಲಿ ಬಿತ್ತನೆಯ ಬೀಜ ಆರಿಸುವುದನ್ನು ನೀವು ನೋಡಿದ್ದೀರಿ. ಹೆಂಗಸರೆಲ್ಲ ರಾಶಿಯ ಸುತ್ತ ಕೂರುತ್ತೇವೆ. ಸಂದೇಹ ಬಂದ ಕಾಳನ್ನು ಬದಿಗೆ ಇಟ್ಟು ಮನೆಯ ಹಿರಿಯಳಿಗೆ ತೋರಿಸುತ್ತೇವೆ. ಆಕೆ ಇಡು ಅಂದರೆ ಇಡುವುದು, ಎಸೆ ಅಂದರೆ ಎಸೆಯುವುದು. ಆಕೆ ಎಸೆದ ಕಾಳನ್ನು ಮತ್ತೆ ಎತ್ತಿ ನೋಡುವ ಸೊಸೆಯನ್ನು ನಾನಂತೂ ಕಂಡಿಲ್ಲ. ಆ ಪದ್ಧತಿ ನಮ್ಮ ಜೊತೆಗೆ ಮೆಟ್ಟಿಲು ಹತ್ತಿ ಕೋಣೆಯೊಳಗೂ ಬಂದಿತ್ತು. "ಕಾಕಿ, ಇದು ನೀಲಿ ಏನ್ರಿ?" ಎಂದು ಒಬ್ಬಳು ಪಿಸುಗುಟ್ಟಿದರೆ ನಾನು ಬಗ್ಗಿ ನೋಡಿ ಹೂಂ ಅನ್ನುತ್ತಿದ್ದೆ. ಅದು ಟೇಬಲ್ಲಿನ ಆ ತುದಿಯವರೆಗೂ ಹೋಗುತ್ತಿತ್ತು. ಸಾಲುಗಳು ಹಸಿರಾಗುತ್ತ ಹೋದವು. ಮೇಡಂ ನಕ್ಕರು. "ನಿಮ್ದು ಬಂಗಾರದಂಥ ಕೋಣಿ, ಕಾಕಿ. ನಾರಾಯಣಖೇಡದಾಗ ಹೊಸ ಕೋಣಿ ತೆರೀತೀವಿ, ಅದರ ಜಿಮ್ಮೆದಾರಿ ನಿಮಗೇ" ಎಂದರು. ನನ್ನ ಜೀವಮಾನದಲ್ಲಿ ನನಗೆ ಯಾರೂ ಏನನ್ನೂ ವಹಿಸಿಕೊಟ್ಟಿರಲಿಲ್ಲ. ಆ ದಿನ ನಾಲ್ಕು ಸಲ ಎದ್ದು ಹೋಗಿ ನೀರು ಕುಡಿದೆ.

ಸಂಕ್ರಾಂತಿಗೆ ಮುಂಚೆ ಒಬ್ಬ ಹುಡುಗಿ ಬಿಟ್ಟು ಹೋದಳು. ಅವಳ ಜಾಗಕ್ಕೆ ಕಂಗ್ಟಿಯ ಕಡೆಯಿಂದ ಒಬ್ಬ ಮದುವೆಯಾದ ಹುಡುಗಿ ಬಂದಳು. ಇಪ್ಪತ್ತಮೂರು ವಯಸ್ಸಿರಬಹುದು. ಬೆಳಿಗ್ಗೆ ಜೀಪು ಹಿಡಿದು ನಾರಾಯಣಖೇಡ, ಅಲ್ಲಿಂದ ಬಸ್ಸು. ಎರಡು ವರ್ಷದ ಮಗಳನ್ನು ಅತ್ತೆಯ ಬಳಿ ಬಿಟ್ಟು ಬರುತ್ತಿದ್ದಳು. ಮೊದಲನೆಯ ದಿನ ಊಟದ ಹೊತ್ತಿಗೆ ಜೋಳದ ರೊಟ್ಟಿ ಮುರಿಯುತ್ತ ಹೇಳಿದಳು: "ನಮ್ಮತ್ತಿ ಖಡಕ್ ಹೇಳ್ಯಾರ್ರಿ ಕಾಕಿ. ಒಂದ್ ಸಲ ಹೋಗಿ ನೋಡು. ಅವ್ರು ಬ್ಯಾಡ ಅಂದು ಕಳಸಿದ್ರ ಮತ್ತ ಹೊಸ್ತಿಲಾ ದಾಟೂ ಮಾತು ತಗೀಬ್ಯಾಡ ಅಂತ."

"ಯಾಕ ಕಳಸ್ತಾರ? ಕಾಕಿ ಬಾಜೂ ಕುಂಡ್ರು, ಕಾಕಿ ಮಾಡ್ದಂಗ ಮಾಡು. ಎಲ್ಲಾ ಹಸರಾಗ್ತದ" ಎಂದಳು ಪಕ್ಕದವಳು.

ಅವಳು ನನ್ನ ಪಕ್ಕದಲ್ಲೇ ಕುಳಿತಳು. ಆದರೆ ನಾನು ಮಾಡಿದಂತೆ ಮಾಡಲಿಲ್ಲ.

'ದ ಕ್ಲರ್ಕ್ ಲುಕ್ಡ್ ಅಪ್ ಸ್ಲೋಲಿ' ಎಂಬ ವಾಕ್ಯ ನನಗೆ ಇಂದಿಗೂ ಬಾಯಿಗೆ ಬರುತ್ತದೆ. ಇನ್, ಆನ್, ಅಪ್, ಡೌನ್ ಕಂಡರೆ ಅಲ್ಲಿಂದ ನೀಲಿ ಎಂಬುದು ನಾನು ಹಿಡಿದುಕೊಂಡಿದ್ದ ದಾರಿ. ಅಪ್ ಸ್ಲೋಲಿ ಎರಡಕ್ಕೂ ಸೇರಿಸಿ ನೀಲಿ ಎಳೆದೆ. ಅವಳು ಅಪ್‌ಗೆ ಒಂದು ಹಳದಿ, ಸ್ಲೋಲಿಗೆ ಇನ್ನೊಂದು ಹಳದಿ ಹಾಕಿದಳು. ಕೆಂಪು ಬಿತ್ತು. "ಯಾಕವ್ವ?" ಎಂದೆ.

"ಅಪ್ ಅಂದ್ರ ಮ್ಯಾಲ. ಯಾತರ ಮ್ಯಾಲ್ರಿ ಕಾಕಿ? ಹಿಂದ ಏನೂ ಇಲ್ಲಲ್ಲ. ಗಿಡದ ಮ್ಯಾಲ, ಗ್ವಾಡಿ ಮ್ಯಾಲ ಅಂತ ಇದ್ರ ನೀಲಿ. ಬರೇ ಮ್ಯಾಲ ನೋಡ್ದ ಅಂದ್ರ ಹಳದಿ. ನಾ ಪ್ರತಿ ಸಲ 'ಯಾತರ' ಅಂತ ಕೇಳ್ಕೋತೀನ್ರಿ. ಉತ್ತರ ಸಿಕ್ರ ನೀಲಿ, ಸಿಗಲಿಲ್ಲಂದ್ರ ಇಲ್ಲ."

ಟೇಬಲ್ಲಿನ ಆ ತುದಿಯಿಂದ ನಗು ಬಂತು. "ಬಂದು ಎರಡ್ ದಿನ ಆಗಿಲ್ಲ, ಕಾಕಿಗಿ ಸಾಲಿ ಕಲಸ್ಲತ್ತಾಳ ನೋಡ್ರಿ!"

ಹುಡುಗಿ ತಲೆ ತಗ್ಗಿಸಿದಳು. ಹಳದಿಯನ್ನು ಮಾತ್ರ ಅಳಿಸಲಿಲ್ಲ. ಕೆಂಪು ಸಾಲು ತೀರ್ಪಿಗೆ ನನ್ನ ಬಳಿಯೇ ಬಂತು. ನಾನು ನನ್ನ ನೀಲಿಯನ್ನೇ ಸರಿ ಎಂದು ಒತ್ತಿದೆ. ಜಗಳದಲ್ಲಿ ಒಬ್ಬಳಾದವಳೇ ತೀರ್ಪನ್ನೂ ಹೇಳಬಾರದು ಎಂದು ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಹತ್ತು ಹನ್ನೆರಡು ದಿನ ಹೀಗೆಯೇ ಹೋಯಿತು. ಕೆಂಪು ಬಿದ್ದಷ್ಟು ಸಲ ನಾನು ನನ್ನದನ್ನೇ ಒತ್ತಿದೆ; ಒತ್ತಿದಷ್ಟು ಸಲ ಮೇಡಮ್ಮಿನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ತಪ್ಪು ಏರಿತು. ಆದರೆ ಆ 'ಯಾತರ' ನನ್ನನ್ನು ಬಿಡಲಿಲ್ಲ. ಮನೆಗೆ ಮರಳುವ ನ್ಯಾಲ್ಕಲ್‌ನ ಆಟೋದಲ್ಲಿ ಕುಳಿತರೂ ಅದೇ. ಸಾರಿಗೆ ಒಗ್ಗರಣೆ ಹಾಕುವಾಗಲೂ ಯಾತರ ಒಳಗೆ, ಯಾತರ ಮೇಲೆ ಎಂದು ಕೇಳಿಕೊಳ್ಳುತ್ತಿದ್ದೆ. ಒಂದು ಭಾನುವಾರ ನೀವು ಆಡಲು ಹೋದಾಗ, ದೊಡ್ಡವನೇ, ನಿನ್ನ ಚೀಲದಿಂದ ಇಂಗ್ಲಿಷ್ ವ್ಯಾಕರಣದ ಪುಸ್ತಕ ತೆಗೆದೆ. ಕಳ್ಳಿಯ ಹಾಗೆ ಅಡುಗೆ ಮನೆಯ ಬಾಗಿಲು ಮುಂದೆ ಮಾಡಿಕೊಂಡು ಓದಿದೆ. ಒಂದು ಪುಟದಲ್ಲಿ ಚೌಕಟ್ಟು ಹಾಕಿ ಕೊಟ್ಟಿದ್ದರು: ಹಿಂದೆ ನಾಮಪದ ಇಲ್ಲದೆ ಒಂಟಿಯಾಗಿ ಬರುವ ಅಪ್, ಡೌನ್, ಇನ್‌ಗಳು ಕ್ರಿಯಾವಿಶೇಷಣ. ಕೆಳಗೆ ನೀನು ಪೆನ್ಸಿಲಿನಿಂದ ಆನೆಯ ಚಿತ್ರ ಬರೆದಿದ್ದೆ. ನಾನು ಆ ಆನೆಯನ್ನೇ ಬಹಳ ಹೊತ್ತು ನೋಡುತ್ತ ಕುಳಿತೆ.

ತಪ್ಪು ನನ್ನದು. ನನ್ನೊಬ್ಬಳದೇ ಆಗಿದ್ದರೆ ಹೇಗೋ ಆಗುತ್ತಿತ್ತು. ನನ್ನ ತಪ್ಪು ಟೇಬಲ್ಲಿನ ತುದಿಯವರೆಗೂ ಹೋಗಿ, ಎಲ್ಲರ ಕೈಯಿಂದ ಹೊರಬಂದು, ಹಸಿರಾಗಿ ತಾಂಡೂರಿಗೆ ಹೋಗಿತ್ತು. ಸರಿಯಾಗಿ ಮಾಡುತ್ತಿದ್ದವಳೊಬ್ಬಳೇ ಕೆಂಪಾಗಿದ್ದಳು.

ಮರುದಿನ ಹೇಳಿಬಿಡಬೇಕು ಎಂದು ಹೊರಟೆ. ಮೆಟ್ಟಿಲು ಹತ್ತಿ ನನ್ನ ಕುರ್ಚಿಯಲ್ಲಿ ಕುಳಿತೆ. ಹೇಳಲಿಲ್ಲ. ಬದಲಿಗೆ ಒಂದು ಅಡ್ಡದಾರಿ ಹಿಡಿದೆ. ಕೆಂಪು ಬಂದಾಗ ಸುಮ್ಮನೆ ಅವಳದನ್ನು ಸರಿ ಎಂದು ಒತ್ತತೊಡಗಿದೆ, ಹಳೆಯ ಮಾತು ಎತ್ತದೆ. ಪಕ್ಕದವಳು ಎರಡೇ ದಿನದಲ್ಲಿ ಹಿಡಿದಳು. "ಕಾಕಿ, ನಿನ್ನಿ ಇದಕ ನೀಲಿ ಅಂದ್ರಿ, ಇವತ್ತ ಹಳದಿ ಅಂತೀರಿ?"

"ಅದು ಬ್ಯಾರೆ, ಇದು ಬ್ಯಾರೆ" ಎಂದೆ. ಸುಳ್ಳು. ಕಂಗ್ಟಿಯ ಹುಡುಗಿ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ನಾನು ಮುಂದಿನ ವಾಕ್ಯ ತೆರೆದೆ.

ಗುರುವಾರ ಮೇಡಂ ಕರೆದರು. "ನಾಳಿ ತಾಂಡೂರಿಗಿ ಹೋಗೋದದ ಕಾಕಿ. ನಾರಾಯಣಖೇಡದ ಕೋಣಿ ಕಾಗದ ರೆಡಿ ಆಗ್ಯಾವ. ಮತ್ತ ಆ ಕಂಗ್ಟಿ ಹುಡುಗಿದು ಉಳದವ್ರ ಸಂಗಟ ಬರಾಬರಿ ಹೊಂದಲ್ದು. ಆಕಿನ್ನ ತಗೀಬೇಕು. ಹಿರಿಯಾರು ಅಂತ ಆ ಕಾಗದಕೂ ನಿಮ್ಮದೇ ಸಹಿ ಆಗ್ಬೇಕು. ನಾಳಿಲಿಂದ ಬರಬ್ಯಾಡ ಅಂತ ಆಕಿಗಿ ಹೇಳೀನಿ."

ನಾನು ತಲೆ ಆಡಿಸಿದೆ. ಹೌದು ಎಂದೋ ಅಲ್ಲ ಎಂದೋ, ನನಗೇ ಗೊತ್ತಿರಲಿಲ್ಲ. ಹೊರಗೆ ಬಂದಾಗ ಹುಡುಗಿ ತನ್ನ ಡಬ್ಬಿ, ಶಾಲು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. "ಬರ್ತೀನ್ರಿ ಕಾಕಿ" ಎಂದಳು. ಎಲ್ಲರ ಲೋಟ ತೊಳೆದು ಬೋರಲು ಹಾಕಿಟ್ಟು ಮೆಟ್ಟಿಲು ಇಳಿದಳು.

ತಾಂಡೂರಿನ ಬಸ್ಸಿನಲ್ಲಿ ಮೇಡಂ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದರು. ಊರು ಹತ್ತಿರ ಬಂದಂತೆ ರಸ್ತೆಯ ಎರಡೂ ಕಡೆ ನೆಲಕ್ಕೆ ಹಾಸುವ ಕಲ್ಲಿನ ಪರಸಿಗಳ ರಾಶಿ, ಒಂದು ಕಡೆ ಹಳದಿ ಕಲ್ಲು, ಒಂದು ಕಡೆ ನೀಲಿ ಕಲ್ಲು. ಅವೇ ಎರಡು ಬಣ್ಣ. ಮುಖ ತಿರುಗಿಸಿದರೆ ಆ ಕಡೆಗೂ ಅವೇ. ಕೆಲಸದವನೊಬ್ಬ ಹಳದಿ ರಾಶಿಯಲ್ಲಿ ಸೇರಿದ್ದ ಒಂದು ನೀಲಿ ಪರಸಿಯನ್ನು ಎತ್ತಿ ತೆಗೆಯುತ್ತಿದ್ದ. ಅವನಿಗೆ ಎಷ್ಟು ಸುಲಭ ಎಂದುಕೊಂಡೆ.

ದೊಡ್ಡ ಆಫೀಸಿನ ಸಾರ್ ತೆಲುಗಿನವರು. ಚಹಾ ತರಿಸಿದರು. ನನ್ನ ಮುಂದೆ ಎರಡು ಕಾಗದ ಇಟ್ಟು ಪೆನ್ನು ಕೊಟ್ಟರು. ಒಂದು ನನ್ನನ್ನು ಮೇಲಕ್ಕೆ ಹತ್ತಿಸುವುದು, ಇನ್ನೊಂದು ಅವಳನ್ನು ಕೆಳಗೆ ಇಳಿಸುವುದು. ನಾನು ಪೆನ್ನು ಹಿಡಿದೆ. ಹೇಳಬೇಕಾದದ್ದು ಕನ್ನಡದಲ್ಲೂ ಬರಲಿಲ್ಲ, ತೆಲುಗಿನಲ್ಲೂ ಬರಲಿಲ್ಲ. ಆಮೇಲೆ ಅವಳನ್ನು ತೆಗೆಯುವ ಕಾಗದವನ್ನು ಮಗುಚಿ ಹಾಕಿದೆ. ಹಿಂದಿನ ಬಿಳಿಯ ಮೇಲೆ ಕೆಂಪು ಬಿದ್ದಿದ್ದ ಆರು ವಾಕ್ಯಗಳನ್ನು ನೆನಪಿನಿಂದ ಬರೆದೆ. ಪ್ರತಿಯೊಂದರ ಕೆಳಗೆ ನಾನು ಬಣ್ಣ ಬಳಿದಲ್ಲಿ ನನ್ನ ಗೆರೆ ಎಳೆದು ಬಣ್ಣದ ಹೆಸರು ಬರೆದೆ, ಅದರ ಕೆಳಗೆ ಅವಳ ಗೆರೆ. ನನ್ನ ಗೆರೆಗಳ ಮುಂದೆ ತಪ್ಪು ಎಂದು ಗೀಟು ಹಾಕಿದೆ. ಆರಕ್ಕೆ ಆರು. ಕಾಗದವನ್ನು ಸಾರ್ ಕಡೆಗೆ ಸರಿಸಿದೆ.

"ಇದೇನ್ ಕಾಕಿ?" ಎಂದರು ಮೇಡಂ.

ಆಗ ಮಾತು ಬಂತು. "ಆಕಿದು ಸರಿ ಅದ್ರಿ. ತಪ್ಪು ನಂದು. ಹಸರ್ ಬಿದ್ದವಲ್ಲ, ಅವೂ ಬಹಳ ತಪ್ಪವ. ಎಲ್ಲಾರೂ ನನ್ನ ನೋಡಿ ಹಾಕ್ಯಾರ. ನಾ ದೊಡ್ಡಾಕಿ ಅಂತ ಯಾರೂ ಅಲ್ಲ ಅನಲಿಲ್ಲ. ಆಕಿ ಒಬ್ಬಾಕಿ ಅಂದಳು, ಆಕಿಗೇ ತಗೀಲತ್ತೀರಿ."

"ತಿಂಗಳ ಕೆಲ್ಸ ಕಾಕಿ! ಪೂರಾ ತಿಂಗಳದು! ಮೊದ್ಲೇ ಬಾಯಿ ಬಿಡಾಕ ಏನಾಗಿತ್ತು?"

ಸಾರ್ ಆ ಆರು ವಾಕ್ಯಗಳನ್ನು ಎರಡು ಸಲ ಓದಿದರು. ಹಸಿರು ಸಾಲುಗಳ ಕಡತ ತೆರೆಸಿ ಅಲ್ಲೊಂದು ಇಲ್ಲೊಂದು ನೋಡಿದರು. ಎಲ್ಲವನ್ನೂ ಮತ್ತೆ ಮಾಡಬೇಕು ಎಂದು ತೆಲುಗಿನಲ್ಲಿ ಹೇಳಿದರು, ಸಿಟ್ಟಿಲ್ಲದೆ. ಹುಡುಗಿಯ ಕಾಗದವನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. ನಾರಾಯಣಖೇಡದ ಕಾಗದವನ್ನೂ ನನ್ನ ಮುಂದಿನಿಂದ ತೆಗೆದರು. ಅದರ ಮಾತು ಆಮೇಲೆ ನೋಡೋಣ ಎಂದರು. ಚಹಾ ಕುಡಿಯದೆ ಎದ್ದು ಬಂದೆವು.

ಶನಿವಾರ ಕೋಣೆಯಲ್ಲಿ ಯಾರೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. "ನೀವ್ ಹೇಳ್ದಂಗೇ ಮಾಡೀವಿ, ಈಗ ನಮ್ಮ ಕೊರಳಿಗಿ ಬಂತು" ಎಂದಳು ಪಕ್ಕದವಳು. ಅವಳು ಹೇಳಿದ್ದು ನಿಜವೇ. ಅಂಗಡಿಯಿಂದ ಖಾಲಿ ರಟ್ಟಿನ ಡಬ್ಬಿ ಕೇಳಿ ತಂದು, ಬಿಚ್ಚಿ, ಕಂಪ್ಯೂಟರುಗಳ ನಡುವೆ ಅಡ್ಡ ನಿಲ್ಲಿಸಿದೆ. ಯಾರೂ ಇನ್ನೊಬ್ಬರ ಪರದೆ ನೋಡುವಂತಿಲ್ಲ. ಸಂದೇಹ ಬಂದ ವಾಕ್ಯವನ್ನು ಪಿಸುಗುಟ್ಟುವಂತಿಲ್ಲ, ಬಾಗಿಲ ಬಳಿಯ ಒಂದು ವಹಿಯಲ್ಲಿ ಬರೆಯಬೇಕು. ಸಂಜೆ ಆ ವಹಿ ಓದುವಾಗ ಎಲ್ಲರಿಗಿಂತ ಚಿಕ್ಕವಳು ಮೊದಲು ಹೇಳಬೇಕು, ನಾನು ಕೊನೆಗೆ. ಕೆಂಪು ಸಾಲಿನ ತೀರ್ಪು ನನಗೆ ಬೇಡ, ತಾಂಡೂರಿಗೆ ಹೋಗಲಿ. ಇಷ್ಟನ್ನೂ ಚೀಟಿಯಲ್ಲಿ ಬರೆದು ಮೇಡಂ ಕೈಗೆ ಕೊಟ್ಟೆ. ಅವರು ಓದಿ, "ಹೂಂ" ಎಂದು ಗೋಡೆಗೆ ಅಂಟಿಸಿದರು.

ಎಲ್ಲರಿಗಿಂತ ಚಿಕ್ಕವಳಾದ ಕಂಗ್ಟಿಯ ಹುಡುಗಿಯ ಕುರ್ಚಿ ಖಾಲಿ ಇತ್ತು. ಮೇಡಂ ಫೋನು ಮಾಡಿದರೆ ಅವಳ ಅತ್ತೆ ಎತ್ತಿ, "ಆಕಿ ಬರಂಗಿಲ್ಲ" ಎಂದು ಇಟ್ಟುಬಿಟ್ಟಿದ್ದಳು.

ಪರಿಚಯ ಇಲ್ಲದವರ ಮನೆಗೆ ಒಬ್ಬಳೇ ಹೋದವಳಲ್ಲ ನಾನು. ಭಾನುವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ನಿಮಗೆ ಪಸ್ತಾಪುರಕ್ಕೆ ಎಂದು ಹೇಳಿ ಹೊರಟೆ. ಅದೂ ಸುಳ್ಳೇ, ಈಗ ಒಪ್ಪಿಕೊಳ್ಳುತ್ತೇನೆ. ನಾರಾಯಣಖೇಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ತಿರುಗಿ ಹೋಗುವ ಬಸ್ಸು ಎಷ್ಟಕ್ಕೆ ಎಂದು ಎರಡು ಸಲ ಕೇಳಿದೆ. ಎರಡನೆಯ ಸಲ ಕೇಳುತ್ತಿರುವಾಗ ಕಂಗ್ಟಿಯ ಜೀಪು ಹೊರಟಿತು. ಓಡಿ ಹೋಗಿ ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಅತ್ತೆ ತೊಗರಿಯ ರಾಶಿಯ ಮುಂದೆ ಮೊರ ಹಿಡಿದು ಕುಳಿತಿದ್ದಳು, ಬರುವ ವರ್ಷದ ಬೀಜ ಆರಿಸುತ್ತ. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಎಲೆ ಅಡಿಕೆ. ಹುಡುಗಿ ಬಾಗಿಲಲ್ಲಿ ಮಗಳನ್ನು ಎತ್ತಿಕೊಂಡು ನಿಂತಳು. ನನ್ನನ್ನು ಕಂಡು ಸೆರಗು ಸರಿ ಮಾಡಿಕೊಂಡಳು.

"ಯಾರ್ರಿ?" ಎಂದಳು ಅತ್ತೆ.

"ಜಹೀರಾಬಾದಲಿಂದ ಬಂದೀನ್ರಿ. ನಿಮ್ಮ ಸೊಸಿ ಸಂಗಟ ಕೆಲ್ಸ ಮಾಡಾಕಿ."

"ಕೆಲ್ಸ ಬಿಡ್ಸಿದ್ದಕ್ಕ ಸಹಿ ತಗೊಂಬಾಕ ಬಂದೀರೇನು? ಆಕಿಗಿ ಅಷ್ಟರ ಬರ್ತದ, ಸಹಿ. ಉಳದದ್ದು ಎಲ್ಲಾ ಗಲತಿ ಅಂತಲ್ಲ."

ನಿಂತು ಮಾತಾಡಲು ನನ್ನಿಂದ ಆಗಲಿಲ್ಲ. ರಾಶಿಯ ಇನ್ನೊಂದು ಬದಿಗೆ ಕುಳಿತು ಕಾಳು ಆರಿಸತೊಡಗಿದೆ. ಕೈಗೆ ಕೆಲಸ ಸಿಕ್ಕಮೇಲೆ ಬಾಯಿ ಸಡಿಲವಾಯಿತು. "ಗಲತಿ ನಂದ್ರಿ. ಆಕಿದು ಸರಿ ಇತ್ತು. ಹಿರಿಯಾಕಿ ಅಂತ ಎಲ್ಲಾರೂ ನನ್ನ ಮಾತು ಹಿಡದ್ರು. ಆಕಿ ಹಿಡೀಲಿಲ್ಲ."

"ಹಿರಿಯಾರ ಮಾತು ಬಿಟ್ಟು ಮತ್ಯಾರ ಮಾತು ಹಿಡೀಬೇಕ್ರಿ? ಇಲ್ಲೂ ಹಂಗೇ ಮಾಡ್ತಾಳ. ಒಂದ್ ಅಂದ್ರ 'ಯಾಕ್ರಿ ಅತ್ತಿ' ಅಂತಾಳ."

"ಆ ಕೆಲ್ಸಕ್ಕ ಅದೇ ಬೇಕ್ರಿ. ಅದು ನಮಗ ಯಾರಿಗೂ ಬರಲಿಲ್ಲ. ತಾಂಡೂರಿನ ಸಾರ್ ಆಕಿನ ಕಾಗದ ಮಡಚಿ ಇಟ್ಟಾರ. ಆಕಿನ ಕುರ್ಚಿ ಹಂಗೇ ಅದ."

ಅತ್ತೆ ಮೊರ ಎತ್ತಿ ಕೇರತೊಡಗಿದಳು. ನನಗೆ ಎದ್ದು ಓಡಿ ಹೋಗಬೇಕು ಅನ್ನಿಸಿತು. ಹೋಗುವ ಬಸ್ಸಿನ ಹೊತ್ತನ್ನು ಮನಸ್ಸಿನಲ್ಲಿ ಎಣಿಸಿದೆ. ಆಗ ಆಕೆ ಒಂದು ಕಾಳನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕಡೆಗೆ ಚಾಚಿದಳು. "ಇದು ಬೀಜಕ್ಕ ಬರ್ತದೇನ್ರಿ? ನನಕಿಂತ ದೊಡ್ಡಾಕಿ ಕಾಣ್ತೀರಿ, ನೀವೇ ಹೇಳ್ರಿ."

ದುಂಡಗೆ, ಕೆಂಪಗೆ, ತುಂಬಿದ ಕಾಳು. ನನ್ನ ಕಣ್ಣಿಗೆ ಅದರಲ್ಲಿ ಏನೂ ಕೊರತೆ ಕಾಣಲಿಲ್ಲ. ಇಡ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಮೊದ್ಲು ಆಕಿ ಹೇಳ್ಲಿ" ಎಂದೆ.

ಹುಡುಗಿ ಮಗಳನ್ನು ಕೆಳಗಿಳಿಸಿ ಬಂದಳು. ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ಬಿಸಿಲಿಗೆ ಹಿಡಿದು ಹೊರಳಿಸಿದಳು. ಒಮ್ಮೆ ಅತ್ತೆಯನ್ನು ನೋಡಿದಳು, ಒಮ್ಮೆ ನನ್ನನ್ನು. "ಬರಂಗಿಲ್ಲ ಅತ್ತಿ. ಬಾಜೂ ಸಣ್ಣ ತೂತ ಅದ. ಒಳಗ ಹುಳ ತಿಂದದ."

ಅತ್ತೆ ಕಾಳನ್ನು ತಿರುಗಿ ತೆಗೆದುಕೊಂಡಳು. ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು. ಆಮೇಲೆ ಉಗುರಿನಿಂದ ಒತ್ತಿದಳು. ಸಿಪ್ಪೆ ಒಡೆದು ಬಿಳಿ ಪುಡಿ ಬೆರಳಿಗೆ ಹತ್ತಿತು. ಕೈ ಝಾಡಿಸಿಕೊಂಡು ಮತ್ತೆ ಮೊರ ಎತ್ತಿದಳು. ಎರಡು ಸಲ ಕೇರಿದ ಮೇಲೆ, ಯಾರ ಮುಖವನ್ನೂ ನೋಡದೆ ಕೇಳಿದಳು:

"ನಾಳಿ ಜೀಪ್ ಎಷ್ಟಕ್ಕ ಬರ್ತದ?"